ಅಗ್ಗದ ಟ್ಯಾಂಕು, ದುಬಾರಿ ಕಡಲು

ಮನೆಯಲ್ಲಿ ಉಪ್ಪುನೀರಿನ ಹವಳದ ಅಕ್ವೇರಿಯಂ ಇಡಬೇಕು ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ಎರಡು ಬಗೆಯ ಸಲಹೆ ಬಂದು ಬೀಳುತ್ತದೆ. ಒಂದು ಉಳಿತಾಯದ ಸಲಹೆ: "ಹೊಸದಕ್ಕೆ ಹೋಗಬೇಡಿ, ಲಕ್ಷ ದಾಟುತ್ತೆ. ಊರು ಬಿಡುವವರ ಸೆಟ್ ಹುಡುಕಿ, ಕಾಲು ಬೆಲೆಗೆ ಸಿಗುತ್ತೆ." ಇನ್ನೊಂದು ಭಯದ ಸಲಹೆ: "ಹಳೆಯದನ್ನು ಮುಟ್ಟಲೇಬೇಡಿ. ಯಾವ ಔಷಧಿ ಹಾಕಿದ್ದರೋ, ಯಾವ ರೋಗ ಇತ್ತೋ, ಯಾವಾಗ ಸೋರುತ್ತೋ." ಇಬ್ಬರೂ ಅನುಭವದಿಂದಲೇ ಮಾತಾಡುತ್ತಾರೆ, ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರ ಕಣ್ಣೂ ಇರುವುದು ಕೊಳ್ಳುವ ದಿನದ ಮೇಲೆ. ಅದರ ಮಾರನೆಯ ದಿನದಿಂದ ಶುರುವಾಗುವುದರ ಬಗ್ಗೆ ಇಬ್ಬರೂ ಹೆಚ್ಚು ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಲಕರಣೆಯಿಂದ ಹವಳದ ಟ್ಯಾಂಕು ಕಟ್ಟುವುದು ಒಳ್ಳೆಯ ದಾರಿ ಎಂದೇ ನಾನೂ ನಂಬಿದ್ದೇನೆ. ಅದಕ್ಕೆ ಎಲ್ಲರೂ ಕೊಡುವ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಮೊದಲು ಬೆಲೆಯ ವಿಚಾರ. ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಇಂಥ ಸೆಟ್‌ಗಳ ವಿವರ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿರುತ್ತದೆ: ನಾಲ್ಕಡಿಯ ಗಾಜಿನ ಟ್ಯಾಂಕು, ಅದರ ಕೆಳಗೆ ಫಿಲ್ಟರ್ ಸಂಪ್, ಸ್ಕಿಮ್ಮರ್, ರಿಟರ್ನ್ ಪಂಪು, ಎರಡು ವೇವ್‌ಮೇಕರ್, ಲೈಟು, ಚಿಲ್ಲರ್, ಕ್ಯಾಬಿನೆಟ್. ನೋಡಲು ಹೋದರೆ ಮಾತುಕತೆಯೂ ಒಂದೇ ಬಗೆ. "ಏನಾದ್ರೂ ಪ್ರಾಬ್ಲಂ ಇದೆಯಾ ಸಾರ್?" "ಏನೂ ಇಲ್ಲ ಸಾರ್, ಎಲ್ಲಾ ವರ್ಕಿಂಗ್. ನೋಡ್ಕೊಳ್ಳೋಕೆ ಆಗ್ತಿಲ್ಲ, ಅಷ್ಟೇ." ಈ ಉತ್ತರದಲ್ಲಿ ಸುಳ್ಳಿಲ್ಲ. ಕೊಳ್ಳುವವರು ಅದರ ಮೊದಲರ್ಧ ಕೇಳಿ ಸಮಾಧಾನಪಡುತ್ತಾರೆ. ಕಿವಿಗೊಡಬೇಕಾದದ್ದು ಉಳಿದರ್ಧಕ್ಕೆ. ಪುಣೆಗೆ ವರ್ಗವಾದವರು ಫ್ರಿಜ್ ಒಯ್ಯುತ್ತಾರೆ, ವಾಷಿಂಗ್ ಮೆಷಿನ್ ಒಯ್ಯುತ್ತಾರೆ, ಹಳೆ ಸೋಫಾವನ್ನೂ ಲಾರಿಗೆ ಏರಿಸುತ್ತಾರೆ. ಟ್ಯಾಂಕನ್ನು ಮಾತ್ರ ಬಿಟ್ಟು ಹೋಗುತ್ತಾರೆ. ಗಾಜು ಸಾಗಿಸುವುದು ಕಷ್ಟ ಎಂಬುದು ನಿಜವಾದ ಕಾರಣವೇ. ಆದರೆ ವರ್ಗಾವಣೆ ಅನೇಕರಿಗೆ ಒಂದು ಗೌರವಯುತ ನೆಪವೂ ಹೌದು ಎಂದು ನನ್ನ ಅನುಮಾನ.

ಹಳೆ ಸಾಮಾನಿನ ಮಾರುಕಟ್ಟೆಯ ಮಾತು ಬಂದರೆ ಅರ್ಥಶಾಸ್ತ್ರ ಓದಿದವರು ಜಾರ್ಜ್ ಅಕರ್ಲಾಫ್ ಹೆಸರು ಹೇಳುತ್ತಾರೆ. 1970ರಲ್ಲಿ ಅವರು ಹಳೆ ಕಾರುಗಳನ್ನು ಉದಾಹರಣೆಯಾಗಿಟ್ಟುಕೊಂಡು ಬರೆದ ಪ್ರಬಂಧದ ತಿರುಳು ಸರಳ. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾನೆ. ಒಳ್ಳೆಯ ಕಾರು ಇಟ್ಟುಕೊಂಡವನು ಆ ಬೆಲೆಗೆ ಮಾರಲು ಮನಸ್ಸಿಲ್ಲದೆ ಹಿಂದೆ ಸರಿಯುತ್ತಾನೆ. 2001ರಲ್ಲಿ ಅವರಿಗೆ ಬಂದ ನೊಬೆಲ್ ಪುರಸ್ಕಾರಕ್ಕೆ ಈ ಚಿಂತನೆಯೇ ಬುನಾದಿ. ಹಳೆಯದು ಬೇಡ ಎನ್ನುವವರ ವಾದವೂ ಬಹುಮಟ್ಟಿಗೆ ಇದೇ.

ಅಕ್ವೇರಿಯಂ ವಿಷಯದಲ್ಲಿ ಇದು ಪೂರ್ತಿ ಹೊಂದುವುದಿಲ್ಲ. ಪಂಪು ತಿರುಗುತ್ತಿದೆಯೇ ಇಲ್ಲವೇ ಎನ್ನುವುದು ಪ್ಲಗ್ ಹಾಕಿದರೆ ಗೊತ್ತಾಗುತ್ತದೆ. ಗಾಜು ಸೋರುತ್ತದೆಯೇ ಎನ್ನುವುದು ನೀರು ತುಂಬಿದರೆ ಗೊತ್ತಾಗುತ್ತದೆ. ಬಚ್ಚಿಡಲು ಹೆಚ್ಚೇನೂ ಇಲ್ಲ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಸಂಗತಿ ಬೇರೆಯೇ ಇದೆ: ತಿಂಗಳ ಖರ್ಚು ಮತ್ತು ವಾರದ ಕೆಲಸ. ಅದನ್ನು ಅವನು ಮುಚ್ಚಿಡುವುದೂ ಇಲ್ಲ, ಯಾರೂ ಕೇಳುವುದಿಲ್ಲ ಅಷ್ಟೆ. ಸೆಟ್ಟಿನ ಬೆಲೆ ಕಾಲು ಭಾಗಕ್ಕೆ ಇಳಿದಿದ್ದರೆ, ಅದು ಸವೆದಿದೆ ಎಂಬುದಕ್ಕಿಂತ ಅದನ್ನು ವರ್ಷಗಟ್ಟಲೆ ನಡೆಸುವವರು ಕಡಿಮೆ ಎಂಬುದೇ ದೊಡ್ಡ ಕಾರಣವೆಂದು ನನ್ನ ಅಂದಾಜು. ನಡೆಸುವ ಖರ್ಚನ್ನು ಮಾರುಕಟ್ಟೆ ಆಗಲೇ ಬೆಲೆಯಿಂದ ಕಳೆದಿದೆ. ನಾವು ಅದನ್ನು ಉಳಿತಾಯ ಎಂದು ಓದಿಕೊಳ್ಳುತ್ತೇವೆ.

ಈ ಖರ್ಚು ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯಲು ಜಕಾರ್ತಾದ ಲೀ ಚಿನ್ ಎಂಗ್ ಅವರನ್ನು ನೆನೆಯಬೇಕು. 1961ರಲ್ಲಿ ಅವರು ತಮ್ಮ ಪದ್ಧತಿಯನ್ನು ಅಮೆರಿಕದ ಅಕ್ವೇರಿಯಂ ಪತ್ರಿಕೆಯೊಂದರಲ್ಲಿ ಬರೆದರು. ಅವರ ಟ್ಯಾಂಕಿನಲ್ಲಿ ಇದ್ದದ್ದು ಕಡಲಿನಿಂದ ತಂದ ಜೀವಂತ ಕಲ್ಲು, ಕಡಲಿನದೇ ನೀರು, ಬಿಸಿಲು, ಗಾಳಿ ಗುಳ್ಳೆ ಬಿಡುವ ಒಂದು ಕೊಳವೆ. ಸ್ಕಿಮ್ಮರ್ ಇಲ್ಲ, ಚಿಲ್ಲರ್ ಇಲ್ಲ, ದೊಡ್ಡ ಲೈಟಿಲ್ಲ. ಹವಳಗಳು ಬದುಕಿದವು. ಸಲಕರಣೆ ಇಲ್ಲದೆ ಹವಳ ಸಾಕಲಾಗದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಅವರ ಹತ್ತಿರ ಕಡಲಿತ್ತು, ವರ್ಷವಿಡೀ ಒಂದೇ ಹದದ ಬೆಚ್ಚಗಿನ ಹವೆಯಿತ್ತು. ನಮ್ಮ ಜಯನಗರದಲ್ಲೋ ದಾವಣಗೆರೆಯಲ್ಲೋ ಅದಿಲ್ಲ. ದಡಕ್ಕೆ ಬಡಿದು ನೊರೆಯೆಬ್ಬಿಸುವ ಅಲೆಯ ಕೆಲಸವನ್ನು ಸ್ಕಿಮ್ಮರ್ ಮಾಡಬೇಕು, ಒಳಹರಿವಿನ ಕೆಲಸವನ್ನು ವೇವ್‌ಮೇಕರ್ ಮಾಡಬೇಕು, ಸಮಭಾಜಕದ ಬಿಸಿಲಿನ ಕೆಲಸವನ್ನು ಲೈಟು ಮಾಡಬೇಕು. ಕಡಲು ಇವನ್ನೆಲ್ಲ ಹಗಲಿರುಳು ಬಿಟ್ಟಿಯಾಗಿ ಮಾಡುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಕರೆಂಟು, ಉಪ್ಪು, ನೀರು, ಕೈಕೆಲಸ ಬೇಕು. ಯಂತ್ರ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಈ ನಾಲ್ಕರಲ್ಲಿ ಒಂದೂ ಸೆಕೆಂಡ್ ಹ್ಯಾಂಡ್ ಸಿಗುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಕಡಲ ನೀರಿನ ಉಪ್ಪಿನಂಶ ಲೀಟರಿಗೆ 35 ಗ್ರಾಂ ಆಸುಪಾಸು. ಅಂದರೆ ಮೊದಲ ಸಲ ತುಂಬಲು 9 ಕಿಲೋ ರೀಫ್ ಸಾಲ್ಟ್ ಬೇಕು. ಆಮೇಲೆ ವಾರಕ್ಕೆ ಶೇಕಡಾ ಹತ್ತರಷ್ಟು ನೀರು ಬದಲಿಸಿದರೂ ವರ್ಷಕ್ಕೆ ಸುಮಾರು 46 ಕಿಲೋ. ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಹದವಾಗಿ ಬೆರೆಸಿದ ಮಿಶ್ರಣವೇ ಆಗಬೇಕು. ಮೂಟೆ ಒದ್ದೆಯಾಗಿ ಗಟ್ಟಿಕಟ್ಟಿದ್ದರೆ ಅದರ ಹದವೂ ಕೆಟ್ಟಿರುತ್ತದೆ. ಹಾಗಾಗಿ ಮಾರುವವರು "ಉಳಿದ ಸಾಲ್ಟೂ ತಗೊಳ್ಳಿ" ಎಂದರೆ ಮೂಟೆಯೊಳಗೆ ಒಮ್ಮೆ ಕೈಯಾಡಿಸಿ ನೋಡುವುದು ಒಳ್ಳೆಯದು.

ಉಪ್ಪು ಕಲಸಲು ಆರ್‌ಒ ನೀರು ಬೇಕು. ಬೋರ್‌ವೆಲ್ ನೀರಿನ ಲವಣ, ನೈಟ್ರೇಟು ನೇರವಾಗಿ ಟ್ಯಾಂಕಿಗೆ ಹೋದರೆ ಪಾಚಿಗೆ ಹಬ್ಬ. ಸಾಮಾನ್ಯ ಆರ್‌ಒ ಒಂದು ಲೀಟರ್ ಒಳ್ಳೆಯ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ನೆಲ ಒರೆಸಲು, ಬಟ್ಟೆ ನೆನೆಸಲು ಅದನ್ನು ಬಳಸಬಹುದು ನಿಜ. ಆದರೆ 2024ರ ಮಾರ್ಚ್‌ನ ನೀರಿನ ಬರ ನೆನಪಿರಲಿ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತ್ತು. ಬೀದಿಯವರೆಲ್ಲ ಟ್ಯಾಂಕರ್‌ಗೆ ಕಾಯುತ್ತಿರುವಾಗ ಹವಳಕ್ಕಾಗಿ ಆರ್‌ಒ ಓಡಿಸುವುದಕ್ಕೆ ದಂಡ ಬೀಳಲಿಕ್ಕಿಲ್ಲ, ಮುಜುಗರವಂತೂ ಆಗುತ್ತದೆ.

ಇನ್ನು ಕರೆಂಟು. ಹಳೆ ಸೆಟ್ಟುಗಳ ಜೊತೆ ಕೆಲವೊಮ್ಮೆ 250 ವ್ಯಾಟಿನ ಎರಡು ಮೆಟಲ್ ಹಾಲೈಡ್ ಲೈಟು ಬಿಟ್ಟಿಯಾಗಿ ಬರುತ್ತವೆ. ಒಂದು ಕಾಲದಲ್ಲಿ ಹವಳ ಸಾಕುವವರ ಹೆಮ್ಮೆ ಅವು. ದಿನಕ್ಕೆ ಎಂಟು ಗಂಟೆ ಉರಿದರೆ 4 ಯೂನಿಟ್. ಅವುಗಳ ಬಿಸಿ ನೀರಿಗಿಳಿಯುವುದರಿಂದ 300 ವ್ಯಾಟಿನ ಚಿಲ್ಲರ್ ಹತ್ತು ಗಂಟೆ ಓಡಬೇಕು, ಅದು 3 ಯೂನಿಟ್. ರಿಟರ್ನ್ ಪಂಪು, ವೇವ್‌ಮೇಕರ್, ಸ್ಕಿಮ್ಮರ್ ಸೇರಿ 80 ವ್ಯಾಟ್ ಎಂದಿಟ್ಟುಕೊಂಡರೂ ಇಪ್ಪತ್ತನಾಲ್ಕು ಗಂಟೆಗೆ ಸುಮಾರು 2 ಯೂನಿಟ್. ತಿಂಗಳಿಗೆ 270 ಯೂನಿಟ್ ಹತ್ತಿರ. ಅದೇ ಟ್ಯಾಂಕಿಗೆ 150 ವ್ಯಾಟಿನ ಎಲ್‌ಇಡಿ, ಚಿಲ್ಲರ್ ಬದಲು ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಇಟ್ಟರೆ 100 ಯೂನಿಟ್‌ನಲ್ಲಿ ಮುಗಿಯುತ್ತದೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಬಿಟ್ಟಿ ಲೈಟಿನ ಬೆಲೆ ತಿಂಗಳಿಗೆ ಸಾವಿರ ರೂಪಾಯಿ. ಅದರ ಬಲ್ಬುಗಳನ್ನು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಬೇರೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಬಾರುಕೋಲು ಎಂದು ಹಿರಿಯರು ಆಡಿದ ಮಾತು ಇಂಥ ಕಡೆ ಚೆನ್ನಾಗಿ ಒಪ್ಪುತ್ತದೆ.

ಮಿತವ್ಯಯದ 100 ಯೂನಿಟ್ ಕೂಡ ಕಾಣುವಷ್ಟು ಅಗ್ಗವಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆ 120 ಯೂನಿಟ್ ಬಳಸುತ್ತಿದೆ ಎನ್ನಿ. ಈಗ ಅದರ ಬಿಲ್ಲು ಸೊನ್ನೆ. ಟ್ಯಾಂಕಿನ 100 ಸೇರಿದರೆ 220. ಯೋಜನೆಯ ಮಿತಿ 200. ಅದನ್ನು ದಾಟಿದ ತಿಂಗಳು ಹೆಚ್ಚುವರಿ 20 ಯೂನಿಟ್‌ಗೆ ಮಾತ್ರ ದುಡ್ಡು ಕಟ್ಟಿದರೆ ಮುಗಿಯುವುದಿಲ್ಲ, 220ಕ್ಕೂ ಕಟ್ಟಬೇಕು. ಅಂದರೆ ಟ್ಯಾಂಕಿನ ನಿಜವಾದ ಬಿಲ್ಲು ಆರುನೂರರ ಸುತ್ತ ನಿಲ್ಲದೆ ಸಾವಿರದ ಇನ್ನೂರು ಮುನ್ನೂರಕ್ಕೆ ಏರುತ್ತದೆ. ಟ್ಯಾಂಕು ಕೊಳ್ಳುವಾಗ ಮೀಟರಿನ ಮುಂದೆ ನಿಂತು ಈ ಲೆಕ್ಕ ಹಾಕಿದವರನ್ನು ನಾನು ಹೆಚ್ಚು ಕಂಡಿಲ್ಲ.

ಈಗ ಭಯದ ಸಲಹೆಗೆ ಬರೋಣ. ಹಳೆ ಟ್ಯಾಂಕಿನ ಬಗ್ಗೆ ಮೊದಲು ಕೇಳಿಬರುವ ಪದ ತಾಮ್ರ. ಕಡಲ ಮೀನಿಗೆ ಬರುವ ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕುತ್ತಾರೆ; ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಸಾಕು, ರೋಗಾಣು ಸಾಯುತ್ತದೆ. ಅಷ್ಟೇ ಪ್ರಮಾಣಕ್ಕೆ ಸೀಗಡಿ, ಬಸವನಹುಳು, ಹವಳಗಳೂ ಉಳಿಯುವುದಿಲ್ಲ. ಹಾಗಾಗಿ "ಔಷಧಿ ಹಾಕಿದ ಟ್ಯಾಂಕು ಬೇಡವೇ ಬೇಡ" ಎಂಬ ಮಾತು ಹುಟ್ಟಿದೆ. ಆದರೆ ಗಾಜು ತಾಮ್ರವನ್ನು ಹೀರಿಕೊಳ್ಳುವುದಿಲ್ಲ. ಅಂಚಿನ ಸಿಲಿಕಾನ್ ಅಂಟಿನಲ್ಲಿ ಉಳಿಯುವುದೂ ಅಲ್ಪ. ಚೆನ್ನಾಗಿ ತೊಳೆದು, ನೀರು ತುಂಬಿ, ಕೆಲವು ದಿನ ಬಿಟ್ಟು ತಾಮ್ರದ ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ಅನುಮಾನ ಪರಿಹಾರವಾಗುತ್ತದೆ. ತಾಮ್ರ ಸೇರಿ ಕೂರುವುದು ಸುಣ್ಣದ ಕಲ್ಲಿನಲ್ಲಿ, ಹವಳದ ಮರಳಿನಲ್ಲಿ. ಟ್ಯಾಂಕಿಗೆ ಹೆದರುವ ಅದೇ ಜನ "ಲೈವ್ ರಾಕ್ ಕೂಡ ಕೊಡ್ತಾರಂತೆ" ಎಂದು ಖುಷಿಯಿಂದ ಆ ಕಲ್ಲನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಬರುತ್ತಾರೆ. ಭಯ ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ.

ಹಾಗೆಂದು ಹಳೆ ಕಲ್ಲು ಪೂರ್ತಿ ಕೆಟ್ಟದ್ದೆಂದಲ್ಲ. ಒದ್ದೆಯಾಗಿಯೇ ತಂದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅದರಲ್ಲಿ ಸಿದ್ಧವಾಗಿರುತ್ತವೆ, ಕಾಯುವ ಸಮಯ ಉಳಿಯುತ್ತದೆ. ಜೊತೆಗೆ ವರ್ಷಗಳಿಂದ ಸೇರಿದ ಫಾಸ್ಫೇಟೂ ಬರುತ್ತದೆ. ಐಪ್ಟೇಸಿಯಾ ಎಂಬ ಪಾರದರ್ಶಕ ಪುಟ್ಟ ಕಡಲಹೂವೂ ಬರುತ್ತದೆ. ಅದನ್ನು ಕಿತ್ತರೆ ಬಿಟ್ಟ ಚೂರಿನಿಂದ ಇನ್ನೊಂದು ಹುಟ್ಟುತ್ತದೆ. ಇವೆಲ್ಲವನ್ನೂ ಒಟ್ಟಿಗೆ ನಿವಾರಿಸಲು ಕೆಲವರು ಕಲ್ಲನ್ನು ಕುದಿಸುತ್ತಾರೆ. ಇಲ್ಲಿ ಮಾತ್ರ ಭಯದ ಸಲಹೆಗೆ ನನ್ನ ಪೂರ್ತಿ ಸಹಮತ. ಕಲ್ಲಿಗೆ ಅಂಟಿ ಬೆಳೆಯುವ ಪಾಲಿಥೋವಾ, ಝೋವಾಂತಿಡ್ ಜಾತಿಯ ಕೆಲವು ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ವಿಷವಿದೆ. 1971ರಲ್ಲಿ ಹವಾಯಿಯಲ್ಲಿ ಅದನ್ನು ಮೊದಲು ಬೇರ್ಪಡಿಸಿದರು. ಪ್ರಕೃತಿಯಲ್ಲಿ ಸಿಗುವ ಅತಿ ತೀಕ್ಷ್ಣ ವಿಷಗಳಲ್ಲಿ ಅದೂ ಒಂದು. ಕಲ್ಲು ಕುದಿಸಿದರೆ, ಬಿಸಿನೀರು ಹಾಕಿ ಉಜ್ಜಿದರೆ ಅದು ಹಬೆಯಲ್ಲಿ, ತುಂತುರಿನಲ್ಲಿ ಮೂಗಿಗೆ ಸೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಮನೆಯಲ್ಲಿ ಟ್ಯಾಂಕಿನ ಹವಳ ಸ್ವಚ್ಛ ಮಾಡಲು ಹೋಗಿ ಮನೆಮಂದಿಯ ಜೊತೆ ನೆರವಿಗೆ ಬಂದ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ಹಳೆ ಕಲ್ಲನ್ನು ಕುದಿಸಬಾರದು. ಅದರ ಇತಿಹಾಸ ಗೊತ್ತಿಲ್ಲದಿದ್ದರೆ ಬಿಟ್ಟುಬಿಟ್ಟು ಒಣ ಕಲ್ಲು ಕೊಂಡರೆ ನೆಮ್ಮದಿ.

ಬಿಡಬೇಕಾದ ಇನ್ನೂ ಕೆಲವಿವೆ. ಹಳೆ ಹೀಟರ್ ಬೇಡ. ಅದರ ಥರ್ಮೋಸ್ಟಾಟ್ ಕೈಕೊಟ್ಟು ಆಫ್ ಆಗದೆ ಉಳಿದರೆ ಒಂದೇ ರಾತ್ರಿಯಲ್ಲಿ ಟ್ಯಾಂಕು ಬೇಯುತ್ತದೆ. ಟೆಸ್ಟ್ ಕಿಟ್‌ಗಳಿಗೆ ಅವಧಿ ಇರುತ್ತದೆ, ಮುಗಿದ ಕಿಟ್ ಸುಳ್ಳು ಹೇಳುತ್ತದೆ. ಒಣಗಿದ ಆರ್‌ಒ ಮೆಂಬ್ರೇನ್ ಕೆಲಸಕ್ಕೆ ಬಾರದು. ಚಿಲ್ಲರ್ ಕೊಂಡರೆ ಒಳಗಿನ ಕಾಯಿಲ್ ಟೈಟಾನಿಯಂನದೇ ಎಂದು ಖಚಿತ ಮಾಡಿಕೊಳ್ಳಬೇಕು. ಸಿಹಿನೀರಿಗೆಂದು ಮಾಡಿದ ಕೂಲರ್‌ನ ತಾಮ್ರದ ಕಾಯಿಲ್ ಉಪ್ಪುನೀರಿಗೆ ಕರಗುತ್ತದೆ. ಗಾಜಿನಲ್ಲಿ ಹುಡುಕಿದ ತಾಮ್ರ ಆಗ ಚಿಲ್ಲರಿನಿಂದಲೇ ಬರುತ್ತದೆ. ಬೆಂಗಳೂರಿನ ಒಣ ಏಪ್ರಿಲ್‌ನಲ್ಲಿ ಫ್ಯಾನ್ ಬೀಸಿದರೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ತಂಪಾಗುವುದರಿಂದ ಅನೇಕರು ಚಿಲ್ಲರ್ ಇಲ್ಲದೆ ದಾಟುತ್ತಾರೆ. ಮಂಗಳೂರಿನ ತೇವದ ಸೆಖೆಯಲ್ಲಿ ಈ ಉಪಾಯಕ್ಕೆ ಅಷ್ಟು ಬಲವಿಲ್ಲ.

ಕೊಳ್ಳಲು ಯೋಗ್ಯವಾದದ್ದು ಬಿಚ್ಚಲು ಬರುವ ಸಾಮಾನು. ಹಳೆ ಸ್ಕಿಮ್ಮರಿನ ಪಂಪನ್ನೇ ನೋಡಿ. ಮುಂಭಾಗದ ಮುಚ್ಚಳ ತಿರುಗಿಸಿ ತೆಗೆದರೆ ಒಳಗೆ ಇಂಪೆಲ್ಲರ್, ಅದರ ನಡುವೆ ತೆಳ್ಳನೆಯ ಸೆರಾಮಿಕ್ ಕಡ್ಡಿ. ಎಲ್ಲದರ ಮೇಲೂ ಬಿಳಿ ಸುಣ್ಣದ ಹೆಪ್ಪು, ನೇರಳೆ ಬಣ್ಣದ ಪಾಚಿಯ ಕಲೆ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಬೆಚ್ಚಗಿನ ನೀರಿಗೆ ಹಾಕಿ ಅದರಲ್ಲಿ ಮುಳುಗಿಸಿದರೆ ಕೂಡಲೇ ಸಣ್ಣ ಗುಳ್ಳೆಗಳೇಳುತ್ತವೆ. ಗಂಟೆ ಕಳೆಯುವಷ್ಟರಲ್ಲಿ ಹೆಪ್ಪು ಸಡಿಲಾಗಿ ಹಳೆ ಟೂತ್‌ಬ್ರಷ್‌ಗೆ ಬಿಟ್ಟುಕೊಡುತ್ತದೆ. ಆಗ ಎರಡು ಕಡೆ ಕಣ್ಣಿಡಬೇಕು. ಕಡ್ಡಿಯಲ್ಲಿ ಕೂದಲೆಳೆಯ ಬಿರುಕಿದೆಯೇ? ಇಂಪೆಲ್ಲರಿನ ಆಯಸ್ಕಾಂತದ ಮೇಲಿನ ಲೇಪನ ಉಬ್ಬಿ ತುಕ್ಕಿನ ಕಂದು ಬಣ್ಣ ಇಣುಕುತ್ತಿದೆಯೇ? ಉಬ್ಬಿದ್ದರೆ ಆ ಇಂಪೆಲ್ಲರನ್ನು ಎಸೆದು ಬೇರೆ ಹಾಕಬೇಕು, ಪಂಪಿನ ಉಳಿದ ಭಾಗ ಚೆನ್ನಾಗಿಯೇ ಇರುತ್ತದೆ. ಈ ಒಂದು ಸಂಜೆಯ ಕೆಲಸ ಮಾಡಿದವರಿಗೆ ಮುಂದೆ ಪಂಪು ಗುರ್ ಎಂದಾಗ ಏನಾಗಿದೆ ಎಂದು ಗೊತ್ತಿರುತ್ತದೆ. ಡಬ್ಬದಿಂದ ಹೊಸದು ತೆಗೆದು ಕೂರಿಸಿದವರು ಅಂಗಡಿಗೆ ಫೋನ್ ಮಾಡುತ್ತಾರೆ. ಒಂದು ಎಚ್ಚರಿಕೆ: ಪಾಚಿ, ರೋಗಾಣು ಸಾಯಲೆಂದು ಬ್ಲೀಚ್ ಬಳಸುವವರು ಅದನ್ನು ನಿಂಬೆ ಉಪ್ಪು, ವಿನೆಗರ್ ಜೊತೆ ಎಂದೂ ಬೆರೆಸಬಾರದು. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಒಂದನ್ನು ಬಳಸಿ, ಚೆನ್ನಾಗಿ ತೊಳೆದು, ಇನ್ನೊಂದು ದಿನ ಇನ್ನೊಂದು.

ಗಾಜಿನ ಟ್ಯಾಂಕಿಗೂ ಇದೇ ನಿಯಮ. ಮೂಲೆಗಳ ಒಳಗಿನ ಸಿಲಿಕಾನ್ ಮೇಲೆ ಉಗುರು ಎಳೆದು ನೋಡಿ. ಪದರ ಏಳುತ್ತಿದ್ದರೆ, ಅಂಟಿನೊಳಗೆ ಗುಳ್ಳೆ ಕಂಡರೆ ಬೆಲೆ ಚೌಕಾಶಿ ಮಾಡುವುದಕ್ಕಿಂತ ಬಿಡುವುದು ಮೇಲು. ಸರಿಯಿದೆ ಅನ್ನಿಸಿದರೆ ಮಟ್ಟ ನೋಡಿ ಇಟ್ಟು, ಕೆಳಗೆ ಪೇಪರ್ ಹಾಸಿ, ಎರಡು ಮೂರು ದಿನ ನೀರು ತುಂಬಿಡಿ. ತುಂಬಿದ ಟ್ಯಾಂಕು ಕಲ್ಲು, ಗಾಜು, ಕ್ಯಾಬಿನೆಟ್ ಸೇರಿ 350 ಕಿಲೋ ದಾಟುತ್ತದೆ. ಹಳೆ ಪ್ಲೈವುಡ್ ಕ್ಯಾಬಿನೆಟ್ಟಿನ ಬುಡ ನೀರು ಕುಡಿದು ಉಬ್ಬಿದ್ದರೆ ಟ್ಯಾಂಕಿಗಿಂತ ಮೊದಲು ಅದು ಮಣಿಯುತ್ತದೆ.

ಇನ್ನೊಂದು ಸಮರ್ಥನೆಯಿದೆ, ಅದು ಕೇಳಲು ಬಹಳ ಚೆಂದ: ಹಳೆಯದನ್ನು ಬಳಸುವುದು ಪರಿಸರಕ್ಕೆ ಒಳ್ಳೆಯದು. ಅಕ್ರಿಲಿಕ್, ಗಾಜು, ಮೋಟಾರುಗಳ ಮಟ್ಟಿಗೆ ಒಪ್ಪಿದೆ. ಆದರೆ ಈ ಹವ್ಯಾಸದ ಪರಿಸರದ ಹೊರೆ ಇರುವುದು ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ಟ್ಯಾಂಕಿನೊಳಗೆ ಬಿಡುವ ಜೀವಿಗಳಲ್ಲಿ. ಸಿಹಿನೀರಿನ ಮೀನುಗಳಲ್ಲಿ ಹೆಚ್ಚಿನವನ್ನು ಸಾಕಿ ಮರಿ ಮಾಡಿಸುತ್ತಾರೆ; ಕಡಲ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಬಂಡೆಗಳಿಂದ ಹಿಡಿದು ತಂದವೇ. ಫ್ಲೋರಿಡಾ ವಿಶ್ವವಿದ್ಯಾಲಯದವರು ನೀಲಿ ಟ್ಯಾಂಗ್ ಮೀನನ್ನು ಟ್ಯಾಂಕಿನಲ್ಲಿ ಮರಿ ಮಾಡಿಸಿ ಬೆಳೆಸಿದ್ದು 2016ರಲ್ಲಷ್ಟೇ. ಈ ಕತೆ ಹಳೆಯದು. ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಅಕ್ವೇರಿಯಂ ಬಗ್ಗೆ ಪುಸ್ತಕ ಬರೆದ ಮೇಲೆ ಇಂಗ್ಲೆಂಡಿನ ಮಧ್ಯಮವರ್ಗ ಬಕೆಟ್ ಹಿಡಿದು ದಂಡೆಗಳಿಗೆ ಇಳಿಯಿತು. ಬಂಡೆಗಳ ನಡುವಿನ ನೀರಗುಂಡಿಗಳು ಹೇಗೆ ಬರಿದಾದವು ಎಂದು 1907ರಲ್ಲಿ ಅವರ ಮಗ ಎಡ್ಮಂಡ್ ಗಾಸ್ ತಮ್ಮ ಆತ್ಮಕಥನದಲ್ಲಿ ನೋವಿನಿಂದ ಬರೆದರು. ಆ ಗೀಳು ಅಷ್ಟರೊಳಗೆ ಇಳಿದು ಎಷ್ಟೋ ವರ್ಷವಾಗಿತ್ತು.

ನಮ್ಮಲ್ಲಿ ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿ ಇರುವಂತೆ ಬಂಡೆ ಕಟ್ಟುವ ಕಲ್ಲುಹವಳಗಳೆಲ್ಲವೂ ಇವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗಿ ನೋಡುವ ಹವಳ ಈ ರಕ್ಷಣೆಯಲ್ಲಿದೆ. ಆ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ ಮೂರು ವರ್ಷ ಸೆರೆ. ವಿದೇಶದಿಂದ ಬರುವ ಕಲ್ಲುಹವಳಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅನುಮತಿ ಪತ್ರ ಬೇಕು. "ಸೆಟ್ ಜೊತೆ ಹವಳಾನೂ ಕೊಡ್ತೀನಿ" ಎನ್ನುವವರನ್ನು ಕಾಗದ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಳೆ ಪಂಪಿಗೆ ಬಿಲ್ ಇಲ್ಲದಿದ್ದರೆ ನಡೆದೀತು. ಜೀವಕ್ಕೆ ದಾಖಲೆ ಇಲ್ಲದಿದ್ದರೆ ಅದನ್ನು ಮುಟ್ಟದಿರುವುದೇ ಸರಿ. ಹಾಗೆಂದು ಟ್ಯಾಂಕು ಖಾಲಿ ಇರಬೇಕಿಲ್ಲ. ಕ್ಲೌನ್‌ಫಿಶ್ ಟ್ಯಾಂಕಿನಲ್ಲೇ ಮರಿ ಮಾಡುವ ಮೀನು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದಕ್ಕೆ ನಮ್ಮಲ್ಲೇ ವಿಧಾನ ರೂಪಿಸಿದ್ದಾರೆ. ಸಾಕಿ ಬೆಳೆಸಿದ ಜೋಡಿ ಮೀನು, ಒಣ ಕಲ್ಲು, ಅದರ ಮೇಲೆ ನಿಧಾನವಾಗಿ ಹಬ್ಬುವ ನಸುಗೆಂಪು ಸುಣ್ಣಪಾಚಿ. ಇಷ್ಟಕ್ಕೆ ತೃಪ್ತಿಪಡುವ ಟ್ಯಾಂಕನ್ನು ಹವಳ ಸಾಕುವವರು ಅರ್ಧ ಮುಗಿದದ್ದೆಂದು ನೋಡುತ್ತಾರೆ. ನನಗೇನೋ ಅದು ಮರ್ಯಾದೆಯ ಟ್ಯಾಂಕು.

ಇಷ್ಟು ಹೇಳಿದರೆ ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ತೂಕವಿದೆ. "ಹಾಗಾದರೆ ಇದು ಶ್ರೀಮಂತರ ಆಟ ಎಂದಾಯಿತಲ್ಲ? ಹಳೆ ಸಾಮಾನಿನಿಂದಲೇ ಸಾಮಾನ್ಯರೂ ಒಳಬರಲು ಆಗಿತ್ತು." ನನಗೆ ಅನ್ನಿಸುವುದು ತಿರುಗುಮುರುಗು. ಬಾಗಿಲಲ್ಲಿ ಕಡಿಮೆ ಟಿಕೆಟ್ ತೋರಿಸಿ ಒಳಗೆ ತಿಂಗಳು ತಿಂಗಳು ವಸೂಲಿ ಮಾಡುವುದೇ ಸಾಮಾನ್ಯರಿಗೆ ಹೆಚ್ಚು ಕಷ್ಟ ಕೊಡುತ್ತದೆ. ತಿಂಗಳ ಲೆಕ್ಕ ಮೊದಲೇ ಗೊತ್ತಾದರೆ ಅವರವರ ಅಳತೆಗೆ ಟ್ಯಾಂಕು ಆರಿಸಬಹುದು. ದೊಡ್ಡ ಟ್ಯಾಂಕಿನ ನೀರು ಹೆಚ್ಚು ಸ್ಥಿರ, ಚಿಕ್ಕದು ಬೇಗ ಕೆಡುತ್ತದೆ ಎಂಬುದು ಬಲ್ಲವರ ಮಾತು. ರಸಾಯನಶಾಸ್ತ್ರದ ಮಟ್ಟಿಗೆ ಅದು ನಿಜ. ಆದರೆ ನೀರಿನ ಸ್ಥಿರತೆ ಸಾಕುವವರ ಸ್ಥಿರತೆಯ ಮೇಲೆ ನಿಂತಿದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ 127 ಲೀಟರ್. ಉಪ್ಪು, ನೀರು ಎರಡೂ ಅರ್ಧಕ್ಕೆ ಇಳಿಯುತ್ತವೆ, ಕರೆಂಟೂ ಬಹಳಷ್ಟು ತಗ್ಗುತ್ತದೆ. ವಾರಕ್ಕೊಂದು ಬಕೆಟ್ ನೀರು ಬದಲಿಸುವುದನ್ನು ಯಾರಾದರೂ ಮಾಡಿಯಾರು. ಸುಸ್ತಾದ ಮಾಲೀಕನ ದೊಡ್ಡ ಟ್ಯಾಂಕಿಗಿಂತ ಬೇಸರವಿಲ್ಲದ ಮಾಲೀಕನ ಚಿಕ್ಕ ಟ್ಯಾಂಕು ಹೆಚ್ಚು ದಿನ ಬಾಳುತ್ತದೆ.

ಹಾಗಾದರೆ ಸೆಕೆಂಡ್ ಹ್ಯಾಂಡ್‌ನ ನಿಜವಾದ ಗುಣ ಯಾವುದು? ಹಿಂದೆ ಸರಿಯುವ ಅವಕಾಶ. ಹೊಸ ಸೆಟ್ಟಿನ ಡಬ್ಬ ಒಡೆದ ದಿನವೇ ಅದರ ಬೆಲೆ ಕುಸಿಯುತ್ತದೆ. ಅಷ್ಟು ಹಣ ಹಾಕಿದ ಮೇಲೆ ಬಿಡಲು ಮನಸ್ಸು ಬರುವುದಿಲ್ಲ, ಮುಂದುವರಿಸಲು ಕೈಲಾಗುವುದಿಲ್ಲ. ನಡುವೆ ಮೀನು ಸಾಯುತ್ತವೆ. ಹಳೆ ಸೆಟ್ಟಿನ ಬೆಲೆ ಕುಸಿಯಬೇಕಾದಷ್ಟು ಆಗಲೇ ಕುಸಿದಿದೆ. ಕೊಂಡ ಬೆಲೆಗೇ, ಇಲ್ಲವೇ ಅದರ ಹತ್ತಿರದ ಬೆಲೆಗೆ ಮಾರಬಹುದು. ತೊಳೆದು ಇಂಪೆಲ್ಲರ್ ಬದಲಿಸಿದ್ದರೆ ತುಸು ಹೆಚ್ಚಿಗೂ ಹೋದೀತು. ಉಳಿತಾಯದವರು ಈ ಗುಣವನ್ನು ಹೇಳುವುದಿಲ್ಲ, ಏಕೆಂದರೆ ಅವರು ಕೊಳ್ಳುವುದನ್ನೇ ಯೋಚಿಸುತ್ತಾರೆ. ಭಯದವರೂ ಹೇಳುವುದಿಲ್ಲ, ಏಕೆಂದರೆ ಅವರು ಕೊಳ್ಳುವುದೇ ಇಲ್ಲ.

ಆದರೆ ಈ ಅವಕಾಶ ಉಳಿಯುವುದು ಟ್ಯಾಂಕಿಗೆ ಜೀವ ಹಾಕುವ ತನಕ ಮಾತ್ರ. ಹಾಗಾಗಿ ನನ್ನ ಸಲಹೆ ಇಷ್ಟೆ. ಹಳೆ ಸೆಟ್ ತನ್ನಿ, ಬಿಚ್ಚಿ ತೊಳೆಯಿರಿ, ಒಣ ಕಲ್ಲು ಹಾಕಿ, ಉಪ್ಪುನೀರು ತುಂಬಿ, ಎಲ್ಲ ಯಂತ್ರಗಳನ್ನೂ ಮೀನು ಹವಳ ಇರುವಾಗ ಓಡಬೇಕಾದಷ್ಟೇ ಹೊತ್ತು ಓಡಿಸಿ. ಚೂರು ಅಮೋನಿಯಾ ಕೊಟ್ಟರೆ ಬ್ಯಾಕ್ಟೀರಿಯಾ ಬೆಳೆಯಲು ಹೇಗೂ ನಾಲ್ಕರಿಂದ ಆರು ವಾರ ಬೇಕು. ಜೀವಶಾಸ್ತ್ರವೇ ನಿಮ್ಮನ್ನು ಕಾಯಿಸುತ್ತದೆ. ಆ ಕಾಯುವಿಕೆಯನ್ನು ಇನ್ನೂ ಸ್ವಲ್ಪ ಎಳೆದು ಎರಡು ಕರೆಂಟ್ ಬಿಲ್ ಬರುವ ತನಕ ಮುಂದುವರಿಸಿ. ಅಷ್ಟು ವಾರವೂ ಖಾಲಿ ಟ್ಯಾಂಕಿನ ನೀರು ಬದಲಿಸಿ, ಉಪ್ಪಿನಂಶ ಅಳೆಯಿರಿ, ಆವಿಯಾದ ನೀರಿಗೆ ಆರ್‌ಒ ನೀರು ತುಂಬಿ. ಒಂದು ಬೇಸಿಗೆಯ ತಿಂಗಳು ಇದರಲ್ಲಿ ಸೇರಿದರೆ ಇನ್ನೂ ಒಳ್ಳೆಯದು.

ಖಾಲಿ ಟ್ಯಾಂಕಿಗೆ ಇಷ್ಟು ಮಾಡಲು ಬೇಸರ ಬಂದವರಿಗೆ ಮೀನು ಬಂದ ಮೇಲೂ ಕೆಲವೇ ತಿಂಗಳಲ್ಲಿ ಅದೇ ಬೇಸರ ಬರುತ್ತದೆ. ಅಂಥವರು ಎರಡನೆಯ ಬಿಲ್ಲು ಕಟ್ಟಿ ಸೆಟ್ಟನ್ನು ಮುಂದಿನವರಿಗೆ ಕೊಡಲಿ, ನಷ್ಟ ಉಪ್ಪಿನದು ಮತ್ತು ಕರೆಂಟಿನದು ಮಾತ್ರ. ಕೊಡುವಾಗ ಆ ಎರಡು ಬಿಲ್ಲುಗಳನ್ನೂ ಟ್ಯಾಂಕಿನ ಜೊತೆಗೆ ಕೊಟ್ಟರೆ, ಕೊಳ್ಳುವವರಿಗೆ ಸ್ಕಿಮ್ಮರ್‌ಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.